ಕಾರವಾರದಲ್ಲಿ ಕೂತು ಚಿತ್ರ ಬಿಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟುಡಿಯೋ ನೋಡಲು ಬಂದವರು, ಪ್ರದರ್ಶನದಲ್ಲಿ ಸಿಕ್ಕವರು, ರಾತ್ರಿ ಹತ್ತು ಗಂಟೆಗೆ ಮೆಸೇಜ್ ಹಾಕುವವರು, ಎಲ್ಲರೂ ಹೆಚ್ಚುಕಮ್ಮಿ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಇದು ಮುಖ್ಯವಾಗಿ ಕರಾವಳಿಯವರಿಗೆ. ಧಾರವಾಡ, ಬೆಂಗಳೂರಿನ ಹವೆಯಲ್ಲಿ ಕೆಲಸ ಮಾಡುವವರಿಗೆ ಇದರಲ್ಲಿ ಅರ್ಧ ಬೇಕಾಗುವುದೇ ಇಲ್ಲ. ಇಲ್ಲಿ ಯಾವ ಸಾಮಾನು ತರಬೇಕು ಅಂತ ನಿರ್ಧರಿಸುವುದು ಮಳೆ ಮತ್ತು ಉಪ್ಪುಗಾಳಿ. ಕಂಪನಿ ಹೆಸರೆಲ್ಲ ಆಮೇಲೆ.

ಸ್ಟುಡಿಯೋಗೆ ಉತ್ತರದ ಕಿಟಕಿ ಬೇಕೇ ಬೇಕಾ?

ಇದ್ದರೆ ಒಳ್ಳೆಯದು. ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಉತ್ತರದ ಬೆಳಕಿನ ಮಾತು ಬಂದಿದ್ದು ಯುರೋಪಿನಿಂದ. ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ, ಹಾಗಾಗಿ ಉತ್ತರದ ಕಿಟಕಿಗೆ ನೇರ ಬಿಸಿಲಿನ ಕಾಟ ಕಡಿಮೆ. ಕಾರವಾರ ಇರುವುದು ಸುಮಾರು 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮಾರ್ಚ್ ಕೊನೆಯಿಂದಲೇ ಸೂರ್ಯ ಹುಟ್ಟುವ ಜಾಗ ನೇರ ಪೂರ್ವವನ್ನು ದಾಟಿ ಉತ್ತರದ ಕಡೆಗೆ ಹೋಗಿರುತ್ತದೆ. ಮೇ ಶುರುವಿನಿಂದ ಆಗಸ್ಟ್ ಎರಡನೇ ವಾರದ ತನಕ ನಡುಮಧ್ಯಾಹ್ನದ ಸೂರ್ಯನೂ ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಜೂನ್ ನಂತರ ಮೋಡ ಇರುವುದರಿಂದ ಗೊತ್ತಾಗುವುದಿಲ್ಲ, ಆದರೆ ಮೇ ತಿಂಗಳಲ್ಲಿ ಬೆಳಿಗ್ಗೆ, ಸಂಜೆ ಉತ್ತರದ ಕಿಟಕಿಯಿಂದಲೇ ಓರೆ ಬಿಸಿಲು ಬಂದು ಕಾಗದದ ಮೇಲೆ ಬೀಳುತ್ತದೆ. ಒಂದು ಹಳೆಯ ತೆಳ್ಳನೆ ಬಿಳಿ ಪಂಚೆ ಕಟ್ಟಿದರೆ ಸಾಕು.

ನಮ್ಮ ಕಡೆ ಹೆಂಚಿನ ಮನೆಗಳ ತೊಂದರೆ ಬೇರೆ. ಮಳೆಗಾಗಿ ಮಾಡು ಎಷ್ಟು ಕೆಳಗೆ ಇಳಿದಿರುತ್ತದೆ ಅಂದರೆ ಒಳಗೆ ಹಗಲಲ್ಲೂ ಮಬ್ಬು. ನಾನು ಎರಡು ಮೂರು ಕಡೆ ಗಾಜಿನ ಹೆಂಚು ಹಾಕಿಸಿದ್ದೇನೆ, ಅದರ ಕೆಳಗೆ ಬಿಳಿ ಬಟ್ಟೆ ಕಟ್ಟಿದ್ದೇನೆ. ಬಟ್ಟೆ ಇಲ್ಲದಿದ್ದರೆ ಬಿಸಿಲಿನ ತುಂಡು ನೆಲದ ಮೇಲೆ ಓಡಾಡುತ್ತಾ ಕಣ್ಣು ಕೆಡಿಸುತ್ತದೆ. ಮೋಡದ ದಿನಕ್ಕೆ ಎರಡು ಎಲ್‌ಇಡಿ ಟ್ಯೂಬ್ ಇವೆ. ಟ್ಯೂಬ್ ತರುವಾಗ ಡಬ್ಬದ ಮೇಲೆ ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಂಕ) 90 ಅಥವಾ ಅದಕ್ಕಿಂತ ಮೇಲೆ, ಬೆಳಕಿನ ಛಾಯೆ 5000 ಕೆಲ್ವಿನ್ ಆಸುಪಾಸು ಇದೆಯಾ ನೋಡಿ. ಸಾದಾ ಟ್ಯೂಬಿನ ಕೆಳಗೆ ಸರಿ ಕಂಡ ಕೆಂಪು ಮರುದಿನ ಹಗಲಲ್ಲಿ ಬೇರೆಯೇ ಕಾಣುತ್ತದೆ.

ಸಮುದ್ರದ ಕಡೆಯ ಪಶ್ಚಿಮದ ಕಿಟಕಿ? ಚಹಾ ಕುಡಿಯಲು ಚೆನ್ನಾಗಿದೆ. ಕೆಲಸಕ್ಕೆ ಬೇಡ.

ದಿನಕ್ಕೆ ಎಷ್ಟು ಹೊತ್ತು ಕೆಲಸ ಮಾಡ್ತೀರಿ? ಮೂಡ್ ಬಂದಾಗ ಮಾತ್ರಾನಾ?

ಮೂಡ್ ಕಾಯುತ್ತಾ ಕೂತರೆ ಮನೆ ನಡೆಯಬೇಕಲ್ಲ. ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ನಿಜವಾದ ಚಿತ್ರದ ಕೆಲಸ. ಇದಕ್ಕೆ ಹವೆಯ ಕಾರಣವೂ ಇದೆ. ಚಳಿಗಾಲದಲ್ಲಿ ಬೆಳಗಿನ ಹೊತ್ತು ಗಾಳಿ ಘಟ್ಟದ ಕಡೆಯಿಂದ ಬೀಸುತ್ತದೆ, ಅದು ಒಣಗಾಳಿ. ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿ ಸಮುದ್ರದಿಂದ ಬರುತ್ತದೆ, ಜೊತೆಗೆ ಉಪ್ಪು ಮತ್ತು ತೇವ ತರುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿ ತನಕ ಬೆಳಿಗ್ಗೆ ಹಾಕಿದ ಜಲವರ್ಣದ ಒಂದು ಪದರ ಚಹಾ ಮುಗಿಸುವಷ್ಟರಲ್ಲಿ ಒಣಗಿರುತ್ತದೆ. ಅದೇ ಪದರ ಜುಲೈನಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೂ ತಣ್ಣಗೆ ಕೈಗೆ ತಾಗುತ್ತದೆ.

ಮಧ್ಯಾಹ್ನದ ನಂತರ ಚಿತ್ರ ಮುಟ್ಟುವುದಿಲ್ಲ. ಕಾಗದ ಕತ್ತರಿಸುವುದು, ಕ್ಯಾನ್ವಾಸಿಗೆ ಪ್ರೈಮರ್ ಹಚ್ಚುವುದು, ಬ್ರಷ್ ತೊಳೆಯುವುದು, ಬಿಲ್ ಬರೆಯುವುದು. ಸಂಜೆ ಒಂದು ಸಣ್ಣ ಸ್ಕೆಚ್ ಪುಸ್ತಕ ಹಿಡಿದು ಬೈತಖೋಲ್ ಬಂದರಿಗೋ ಮೀನುಪೇಟೆಗೋ ಹೋಗುತ್ತೇನೆ. ಹೋಗದ ದಿನಗಳೂ ಇವೆ.

ಮಳೆಗಾಲದಲ್ಲಿ ಹೇಗೆ ಸಂಭಾಳಿಸ್ತೀರಿ?

ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸಬೇಕು. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಗಾಳಿಯ ತೇವ ನೂರಕ್ಕೆ 65–70 ದಾಟಿ ಕೆಲವು ದಿನ ಅಲ್ಲೇ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯಲು ಅಷ್ಟು ಸಾಕು. ನಮ್ಮಲ್ಲಿ ಅದು ನಾಲ್ಕು ತಿಂಗಳು ಅದಕ್ಕೂ ಮೇಲೆಯೇ ಇರುತ್ತದೆ. ತೇವ ಅಳೆಯುವ ಸಣ್ಣ ಮೀಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ದುಬಾರಿ ಬ್ರಷ್ ಕೊಳ್ಳುವ ಮೊದಲು ಅದನ್ನು ಕೊಳ್ಳಿ.

ಕಾಗದ ಇಡಲು ಒಂದು ಕಬ್ಬಿಣದ ಕಪಾಟು ಇದೆ. ಅದರ ತಳದಲ್ಲಿ ಕಡಿಮೆ ವ್ಯಾಟಿನ ಹಳೆಯ ಕಾಲದ ತಂತಿ ಬಲ್ಬು ಉರಿಯುತ್ತಿರುತ್ತದೆ. ಕಾಗದ, ಬಟ್ಟೆ ಯಾವುದೂ ಅದಕ್ಕೆ ತಾಗದ ಹಾಗೆ ಸುತ್ತ ತಂತಿಜಾಲರಿ ಕಟ್ಟಿದ್ದೇನೆ. ಎಲ್‌ಇಡಿ ಬಲ್ಬು ಇದಕ್ಕೆ ಬರುವುದಿಲ್ಲ, ಅದು ಅಷ್ಟು ಬಿಸಿ ಆಗುವುದಿಲ್ಲ. ನಮಗೆ ಬೇಕಾಗಿರುವುದು ಬಿಸಿ, ಬೆಳಕಲ್ಲ. ಕರೆಂಟು ಹೋದ ದಿನಗಳಿಗೆ ಸಿಲಿಕಾ ಜೆಲ್. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಕಾಗದದ ಜೊತೆ ಅದರ ಪೊಟ್ಟಣ ಇಡಿ, ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಿ. ನೀಲಿ ಕಾಳಿನದ್ದರಲ್ಲಿ ಕೋಬಾಲ್ಟ್ ಇರುತ್ತದೆ, ಅದು ದೇಹಕ್ಕೆ ಒಳ್ಳೆಯದಲ್ಲ, ಹಾಗಾಗಿ ಕಿತ್ತಳೆ ಬಣ್ಣದ್ದು ತನ್ನಿ.

ಶಿರಸಿ ಕಡೆಯವರು ಕೇಳುತ್ತಾರೆ, ಅಡಿಕೆ ಒಣಗಿಸುವ ಅಟ್ಟದ ಮೇಲೆ ಕಾಗದ ಇಡಬಹುದಾ ಅಂತ. ಬೆಚ್ಚಗೇನೋ ಇರುತ್ತದೆ. ಆದರೆ ಹೊಗೆ ಹತ್ತಿ ಕಾಗದ ಹಳದಿ ಆಗುತ್ತದೆ. ಬೇಡ.

ಅಕ್ರಿಲಿಕ್ (ನೀರಲ್ಲಿ ಬೆರೆಸುವ, ಒಣಗಿದರೆ ಪ್ಲಾಸ್ಟಿಕ್ ಹಾಗೆ ಆಗುವ ಬಣ್ಣ) ಬಳಸುವವರಿಗೆ ಒಂದು ಎಚ್ಚರಿಕೆ. ಮಳೆಗಾಲದಲ್ಲಿ ಮೇಲೆ ಒಣಗಿದಂತೆ ಕಂಡರೂ ಒಳಗೆ ನೀರು ಉಳಿದಿರುತ್ತದೆ, ಮತ್ತು ಅಕ್ರಿಲಿಕ್ ಪೂರ್ತಿ ಒಣಗಿದ ಮೇಲೂ ಸೆಖೆಗೆ ಸ್ವಲ್ಪ ಮೆತ್ತಗೆ, ಅಂಟಂಟಾಗಿಯೇ ಇರುತ್ತದೆ. ಎರಡು ಚಿತ್ರ ಎದುರುಬದುರು ಒರಗಿಸಿ ಇಟ್ಟರೆ ಒಂದಕ್ಕೊಂದು ಅಂಟಿಕೊಂಡು, ಬಿಡಿಸುವಾಗ ಎರಡೂ ಹಾಳು. ಬಬಲ್ ರ್‍ಯಾಪ್ ನೇರವಾಗಿ ಸುತ್ತಿದರೆ ಗುಳ್ಳೆಗಳ ಗುರುತು ಚಿತ್ರದ ಮೇಲೆ ಕೂರುತ್ತದೆ. ನಡುವೆ ಬೇಕಿಂಗ್‌ಗೆ ಬಳಸುವ ಸಿಲಿಕಾನ್ ಲೇಪದ ಕಾಗದ ಹಾಕಿ.

ಜಲವರ್ಣದ ಪ್ಯಾನ್‌ಗಳ (ಗಟ್ಟಿ ಬಣ್ಣದ ಬಿಲ್ಲೆಗಳ) ಮುಚ್ಚಳ ಮುಚ್ಚಿಡಬೇಡಿ. ಒದ್ದೆ ಪ್ಯಾನ್ ಮುಚ್ಚಿಟ್ಟರೆ ಅದರ ಮೇಲೆ ಬಿಳಿ ಬೂಷ್ಟು ಏಳುತ್ತದೆ. ಗೋಂದು, ಜೇನು ಇರುವ ಬಣ್ಣ ಅದು, ಬೂಷ್ಟಿಗೆ ಹಬ್ಬದೂಟ. ಮಳೆಗಾಲ ಮುಗಿಯುವ ತನಕ ಟ್ಯೂಬಿನಿಂದ ಆ ದಿನಕ್ಕೆ ಬೇಕಾದಷ್ಟೇ ತೆಗೆದು ಕೆಲಸ ಮಾಡಿದರೆ ಈ ತಲೆನೋವೇ ಇಲ್ಲ.

ಬೂಷ್ಟು ಬಂದುಬಿಟ್ಟಿದೆ. ಒರೆಸಲಾ?

ಒದ್ದೆ ಬಟ್ಟೆಯಿಂದ ಖಂಡಿತ ಬೇಡ, ಹರಡುತ್ತದೆ. ಮೊದಲು ಬೇರೆ ಚಿತ್ರಗಳಿಂದ ದೂರ ಇಡಿ. ಫ್ಯಾನಿನ ಗಾಳಿಯಲ್ಲಿ ಪೂರ್ತಿ ಒಣಗಿಸಿ. ಬೂಷ್ಟು ಒಣಗಿ ಪುಡಿಯಾದ ಮೇಲೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಮೆತ್ತನೆಯ ಬ್ರಷ್‌ನಿಂದ ಹಗುರವಾಗಿ ಗುಡಿಸಿ. ಕಂದು ಚುಕ್ಕೆಗಳು ಉಳಿದಿದ್ದರೆ ಉಳಿದವು. ಬ್ಲೀಚ್ ಹಚ್ಚುವ ಸಾಹಸ ಬೇಡ.

ಯಾವ ಕಾಗದ?

ದುಡ್ಡು ಕಡಿಮೆ ಇದ್ದರೆ ಬಣ್ಣದಲ್ಲಿ ಉಳಿಸಿ, ಕಾಗದದಲ್ಲಿ ಉಳಿಸಬೇಡಿ. ಇದು ನನ್ನ ಗಟ್ಟಿ ಅಭಿಪ್ರಾಯ. ಸಾಧಾರಣ ಬಣ್ಣ ಒಳ್ಳೆಯ ಕಾಗದದ ಮೇಲೆ ಚೆನ್ನಾಗಿಯೇ ಕೂರುತ್ತದೆ, ಆದರೆ ದುಬಾರಿ ಬಣ್ಣವನ್ನು ಮರದ ತಿರುಳಿನ ತೆಳು ಕಾಗದದ ಮೇಲೆ ಎಷ್ಟು ಎಚ್ಚರದಿಂದ ಹಚ್ಚಿದರೂ ಎರಡನೇ ಪದರಕ್ಕೆ ಕೆಳಗಿನದು ಎದ್ದು ಬರುತ್ತದೆ. ನೂರಕ್ಕೆ ನೂರು ಹತ್ತಿಯ, 300 ಜಿಎಸ್‌ಎಂ ಕಾಗದ ತನ್ನಿ (ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ). 22×30 ಇಂಚಿನ ಪೂರ್ತಿ ಹಾಳೆ ಕೊಂಡು ನಾಲ್ಕು ತುಂಡು ಮಾಡಿದರೆ ಪ್ಯಾಡ್‌ಗಿಂತ ಅಗ್ಗ.

ಫ್ರಾನ್ಸಿನ ಆರ್ಚಸ್ ಚೆನ್ನಾಗಿದೆ, ಬೆಲೆ ಕೇಳಿದರೆ ಕೈ ನಡುಗುತ್ತದೆ. ನಮ್ಮ ಜಿಲ್ಲೆಯಲ್ಲೇ, ಭಟ್ಕಳ ತಾಲೂಕಿನ ಶಿರಾಲಿಯಲ್ಲಿ ಹತ್ತಿಯಿಂದ ಕೈಕಾಗದ ಮಾಡುತ್ತಾರೆ, ಚಿತ್ರಾಪುರ ಅನ್ನುವ ಹೆಸರಲ್ಲಿ ಸಿಗುತ್ತದೆ. ಕೈಯಲ್ಲಿ ಮಾಡಿದ್ದಾದ್ದರಿಂದ ಹಾಳೆಯಿಂದ ಹಾಳೆಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ, ನನಗದು ಇಷ್ಟ. ಯಾವ ಕಾಗದವೇ ಆಗಲಿ, ಒಂದು ಮಾತು: ತೇವದಲ್ಲಿ ಹಳೆಯದಾದ ಕಾಗದದಲ್ಲಿ, ಅದನ್ನು ತಯಾರಿಸುವಾಗ ಹಾಕಿದ ಅಂಟು ಕೆಟ್ಟುಹೋಗಿರುತ್ತದೆ. ಆಗ ಬಣ್ಣ ಮೇಲೆ ನಿಲ್ಲದೆ ಒಳಗೆ ಇಂಗಿ ಕಲೆಕಲೆ ಆಗುತ್ತದೆ. ಹಾಗಾಗಿ ಮಳೆಗಾಲಕ್ಕೆ ಮೊದಲು ಕಟ್ಟುಗಟ್ಟಲೆ ತಂದು ಪೇರಿಸಬೇಡಿ.

ಯಾವ ಕಂಪನಿಯ ಬಣ್ಣ?

ಕಂಪನಿ ಬಿಡಿ, ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವ ಪಿಗ್ಮೆಂಟ್ (ಬಣ್ಣದ ಪುಡಿ) ಸಂಖ್ಯೆ ಓದಿ. ಮುಂದೆ ಬರೆದಿರುವ ಹೆಸರು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಸಂಖ್ಯೆ ಬದಲಾಗುವುದಿಲ್ಲ. ಅಲ್ಟ್ರಾಮರೀನ್ ನೀಲಿ ಅಂದರೆ ಪಿಬಿ 29, ಪಿಬಿ ಅಂದರೆ ಪಿಗ್ಮೆಂಟ್ ಬ್ಲೂ. ಅದು ಕ್ಯಾಮಲ್‌ನದ್ದಾದರೂ ವಿನ್ಸರ್ ನ್ಯೂಟನ್‌ನದ್ದಾದರೂ ಒಳಗಿನ ಪುಡಿ ಅದೇ ಜಾತಿಯದು. ಎಷ್ಟು ಪುಡಿ ಹಾಕಿದ್ದಾರೆ, ಎಷ್ಟು ನುಣ್ಣಗೆ ಅರೆದಿದ್ದಾರೆ ಅನ್ನುವುದರಲ್ಲಿ ಬೆಲೆಯ ವ್ಯತ್ಯಾಸ. ಹೆಸರಿನ ಜೊತೆ ‘ಹ್ಯೂ’ ಅಂತ ಇದ್ದರೆ ಅದು ಮೂಲ ಪಿಗ್ಮೆಂಟ್ ಅಲ್ಲ, ಅದರ ಹಾಗೆ ಕಾಣುವ ಬೇರೆ ಏನೋ. ಅದು ಕೆಟ್ಟದ್ದೇ ಆಗಬೇಕೆಂದಿಲ್ಲ.

ನನ್ನ ತಟ್ಟೆಯಲ್ಲಿ ಇರುವುದು ಇಷ್ಟೇ: ಅಲ್ಟ್ರಾಮರೀನ್ ಪಿಬಿ 29, ಥ್ಯಾಲೋ ನೀಲಿ ಪಿಬಿ 15, ಯೆಲ್ಲೋ ಓಕರ್ ಪಿವೈ 43, ಬರ್ಂಟ್ ಸಿಯೆನ್ನಾ ಪಿಬಿಆರ್ 7, ಗುಲಾಬಿಗೆ ಕ್ವಿನಾಕ್ರಿಡೋನ್ ಪಿವಿ 19, ತಿಳಿ ಹಳದಿಗೆ ಪಿವೈ 154. ಕಪ್ಪು ಇಟ್ಟುಕೊಂಡಿಲ್ಲ. ಅಲ್ಟ್ರಾಮರೀನ್ ಮತ್ತು ಬರ್ಂಟ್ ಸಿಯೆನ್ನಾ ಬೆರೆಸಿದರೆ ಜೂನ್ ತಿಂಗಳ ಮೋಡದ ಬೂದು ಬರುತ್ತದೆ, ಕಾಗದದ ಗುಳಿಗಳಲ್ಲಿ ಕಾಳುಕಾಳಾಗಿ ಕೂರುತ್ತದೆ, ಅದನ್ನು ಯಾವ ರೆಡಿಮೇಡ್ ಗ್ರೇ ಕೂಡ ಕೊಡುವುದಿಲ್ಲ.

ಹೊಸಬರು ಸಮುದ್ರ ಅಂದಕೂಡಲೇ ನೀಲಿ ಟ್ಯೂಬಿಗೆ ಕೈ ಹಾಕುತ್ತಾರೆ. ಮಳೆಗಾಲದಲ್ಲಿ ಸದಾಶಿವಗಡದ ಹತ್ತಿರ ಕಾಳಿ ನದಿ ಸಮುದ್ರ ಸೇರುವ ಜಾಗ ನೋಡಿ, ಎಲ್ಲಿದೆ ನೀಲಿ? ಪೂರ್ತಿ ಮಣ್ಣಿನ ಬಣ್ಣ. ಓಕರ್ ಜಾಸ್ತಿ, ನೀಲಿ ಚಿಟಿಕೆ. ತೆಂಗಿನ ಗರಿಗೆ ಟ್ಯೂಬಿನ ಹಸಿರನ್ನು ಹಾಗೇ ಬಳಿದರೆ ಪ್ಲಾಸ್ಟಿಕ್ ಬಕೆಟ್ ಕಂಡಂತೆ ಕಾಣುತ್ತದೆ, ಅದಕ್ಕೂ ಸ್ವಲ್ಪ ಸಿಯೆನ್ನಾ ಬೆರೆಸಿ.

ಬಣ್ಣ ಮಾಸುತ್ತದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ?

ನೀವೇ ಪರೀಕ್ಷೆ ಮಾಡಿ. ಒಂದು ಕಾಗದದ ಪಟ್ಟಿಯ ಮೇಲೆ ನಿಮ್ಮಲ್ಲಿರುವ ಎಲ್ಲ ಬಣ್ಣದ ಗೆರೆ ಎಳೆಯಿರಿ, ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಕ್ಟೋಬರ್‌ನಿಂದ ಮೇ ತನಕ ಅಂಟಿಸಿಡಿ. ತೆಗೆದು ನೋಡಿದಾಗ ಹಳೆಯ ಅಲಿಜರಿನ್ ಕ್ರಿಮ್ಸನ್, ಅಂದರೆ ಪಿಆರ್ 83, ಮತ್ತು ಮಿಂಚುವ ಗುಲಾಬಿ, ಫ್ಲೋರೊಸೆಂಟ್ ಬಣ್ಣಗಳು ತೆರೆದ ಭಾಗದಲ್ಲಿ ಪೇಲವವಾಗಿರುತ್ತವೆ. ಮಣ್ಣಿನ ಬಣ್ಣಗಳು ಅಲ್ಲಾಡಿರುವುದಿಲ್ಲ. ಮಾರುವ ಚಿತ್ರಕ್ಕೆ ಮಾಸುವ ಬಣ್ಣ ಬಳಸುವುದು ನನ್ನ ಪ್ರಕಾರ ಮೋಸ.

ನಮ್ಮೂರಿನ ಚಿರೆಕಲ್ಲಿನಿಂದ ಬಣ್ಣ ಮಾಡಬಹುದಂತೆ, ಹೌದಾ?

ಹೌದು, ಮತ್ತು ಎಲ್ಲರೂ ಒಮ್ಮೆ ಮಾಡಿ ನೋಡಬೇಕು. ಚಿರೆಕಲ್ಲಿನ ಕೆಂಪು ಅಂದರೆ ಕಬ್ಬಿಣದ ಆಕ್ಸೈಡ್. ಟ್ಯೂಬಿನಲ್ಲಿ ಬರುವ ಓಕರ್, ಸಿಯೆನ್ನಾಗಳ ಬಣ್ಣವೂ ಕಬ್ಬಿಣದ್ದೇ. ಬಿಸಿಲಿಗೆ ಮಾಸುವ ಪ್ರಶ್ನೆಯೇ ಇಲ್ಲ.

ಕಲ್ಲು ಕಡಿದ ಜಾಗದ ಪುಡಿ ತನ್ನಿ. ಕುಟ್ಟಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿದು, ಬಕೆಟ್ ನೀರಿಗೆ ಹಾಕಿ ಚೆನ್ನಾಗಿ ಕದಡಿ. ಮರಳು ಕೂಡಲೇ ತಳಕ್ಕೆ ಹೋಗುತ್ತದೆ, ಕೆಂಪು ಮೇಲೆ ತೇಲುತ್ತಿರುತ್ತದೆ. ಆ ಕೆಂಪು ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೇಲಿನ ತಿಳಿನೀರು ಚೆಲ್ಲಿ, ಮತ್ತೆ ನೀರು ಹಾಕಿ, ಹೀಗೆ ಎರಡು ಮೂರು ಸಲ. ಕಡಲ ಹತ್ತಿರದ ಮಣ್ಣಾದರೆ ಉಪ್ಪು ಹೋಗಲು ಇದು ಬೇಕೇ ಬೇಕು. ಕೊನೆಗೆ ಉಳಿದ ನುಣ್ಣನೆ ಕೆಸರನ್ನು ಒಣಗಿಸಿದರೆ ಅದೇ ನಿಮ್ಮ ಪಿಗ್ಮೆಂಟ್.

ಇನ್ನೊಂದು ಮಜಾ ಇದೆ. ಹಳದಿ ಛಾಯೆಯ ಮಣ್ಣು ಸಿಕ್ಕಿದರೆ ಹಳೆಯ ಕಬ್ಬಿಣದ ಬಾಣಲೆಯಲ್ಲಿ ಚೆನ್ನಾಗಿ ಹುರಿಯಿರಿ. ಮಣ್ಣಿನೊಳಗೆ ಕಟ್ಟಿಕೊಂಡಿದ್ದ ನೀರಿನಂಶ ಹೋಗಿ ಕಣ್ಣೆದುರೇ ಹಳದಿ ಕೆಂಪಾಗುತ್ತದೆ. ‘ಬರ್ಂಟ್’ ಅಂತ ಹೆಸರಿರುವ ಬಣ್ಣಗಳು ಹುಟ್ಟಿದ್ದೇ ಹೀಗೆ. ಅಡುಗೆಯ ಬಾಣಲೆ ಬೇಡ, ಮನೆಯವರು ಬೈಯುತ್ತಾರೆ.

ಪುಡಿಯನ್ನು ಗಮ್ ಅರೇಬಿಕ್ ದ್ರಾವಣದಲ್ಲಿ ಗಾಜಿನ ಹಲಗೆಯ ಮೇಲೆ ಅರೆಯಬೇಕು. ಒಂದು ಪಾಲು ಗೋಂದಿಗೆ ಎರಡು ಪಾಲು ಬಿಸಿನೀರು, ಕೆಡದಿರಲು ಒಂದು ಹನಿ ಲವಂಗದ ಎಣ್ಣೆ. ಜೇನು ಹಾಕುವವರಿದ್ದಾರೆ, ಜೇನು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಕರಾವಳಿಯಲ್ಲಿ ಅತಿ ಕಡಿಮೆ ಹಾಕಿ. ಗೇರುಮರದ ಅಂಟನ್ನೂ ಬಳಸಬಹುದು, ಆದರೆ ಅದು ಪೂರ್ತಿ ಕರಗುವುದಿಲ್ಲ, ಸೋಸಿಕೊಳ್ಳಬೇಕು. ಅರೆಯುವ ಕೆಲಸ ಕೈ ಸೋಲುವ ತನಕ. ಒಣಪುಡಿ ಮೂಗಿಗೆ ಹೋಗದ ಹಾಗೆ ಮಾಸ್ಕ್ ಇರಲಿ.

ಕಪ್ಪಿಗೆ ತೆಂಗಿನ ಕರಟದ ಇದ್ದಿಲು. ಬಿಳಿ ಮಾತ್ರ ಅಂಗಡಿಯಿಂದಲೇ ತರಬೇಕು. ಅಘನಾಶಿನಿ ದಂಡೆಯ ಚಿಪ್ಪಿನ ಸುಣ್ಣ ಗೋಡೆಗೆ ಸೊಗಸಾಗಿದೆ, ಆದರೆ ಟೈಟಾನಿಯಂ ವೈಟ್ ಮುಚ್ಚುವ ಹಾಗೆ ಅದು ಕೆಳಗಿನ ಬಣ್ಣ ಮುಚ್ಚುವುದಿಲ್ಲ.

ಕಾವಿ ಕಲೆಯೂ ಇದೇ ಕೆಂಪಿನಿಂದಲಾ?

ಬಣ್ಣ ಅದೇ ಜಾತಿಯದು, ಕೆಲಸ ಮಾತ್ರ ಪೂರ್ತಿ ಉಲ್ಟಾ. ಕಾವಿ ಅನ್ನುವ ಗೋಡೆಚಿತ್ರದಲ್ಲಿ ಬಣ್ಣ ಹಚ್ಚಿ ಚಿತ್ರ ಬರುವುದಿಲ್ಲ, ಬಣ್ಣ ಕೆರೆದು ಚಿತ್ರ ಬರುತ್ತದೆ. ಮೊದಲು ಸುಣ್ಣದ ಬಿಳಿ ಗಾರೆ, ಅದರ ಮೇಲೆ ಕೆಂಪಿನ ತೆಳು ಪದರ. ಅದು ಇನ್ನೂ ಹಸಿ ಇರುವಾಗಲೇ ಚೂಪು ಕಬ್ಬಿಣದ ಕಡ್ಡಿಯಿಂದ ಗೆರೆ ಹಾಕಿ, ಬೇಡದ ಕೆಂಪನ್ನು ಕೆರೆದು ತೆಗೆದರೆ ಕೆಳಗಿನ ಬಿಳಿ ಕಾಣುತ್ತದೆ. ಆಮೇಲೆ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಮತ್ತೆ ಕಲ್ಲಾಗುತ್ತದೆ, ಬಣ್ಣವೂ ಅದರೊಳಗೇ ಸೇರಿಹೋಗುತ್ತದೆ. ಇಷ್ಟು ಮಳೆ ಬೀಳುವ ನಾಡಿನಲ್ಲಿ ಗೋಡೆಚಿತ್ರ ಹೇಗೆ ಉಳಿಯಿತು ಅಂದರೆ ಹೀಗೆ. ಅಂಟಿನ ಮೇಲೆ ನಿಂತ ಬಣ್ಣವಾಗಿದ್ದರೆ ಯಾವತ್ತೋ ಉದುರಿಹೋಗುತ್ತಿತ್ತು.

ಶಿರಸಿಯ ಮಾರಿಕಾಂಬಾ ದೇವಸ್ಥಾನಕ್ಕೆ ಹೋದರೆ ದರ್ಶನ ಮುಗಿಸಿ ಗೋಡೆಗಳನ್ನೂ ನಿಧಾನ ನೋಡಿ. ಒಂದೇ ಕೆಂಪು, ಒಂದೇ ಬಿಳಿ, ಅಷ್ಟರಲ್ಲೇ ಎಷ್ಟು ಸಾಧಿಸಿದ್ದಾರೆ. ಎಷ್ಟೋ ಹಳೆಯ ಗುಡಿಗಳಲ್ಲಿ ಜೀರ್ಣೋದ್ಧಾರದ ಹೆಸರಲ್ಲಿ ಕಾವಿಯ ಮೇಲೆ ಸಿಮೆಂಟ್, ಎನಾಮಲ್ ಪೇಂಟ್ ಬಿದ್ದಿದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಮನೆಯಲ್ಲಿ ಸಣ್ಣ ಹಲಗೆಯ ಮೇಲೆ ಅಭ್ಯಾಸ ಮಾಡಬಹುದು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಸುಣ್ಣ ಸಿಡಿದರೆ ಕಣ್ಣಿಗೆ ದೊಡ್ಡ ಅಪಾಯ. ಸುಣ್ಣದ ಜೊತೆ ಎಲ್ಲ ಬಣ್ಣವೂ ಬಾಳುವುದಿಲ್ಲ. ಮಣ್ಣಿನ ಬಣ್ಣ ಬಾಳುತ್ತದೆ, ಅಲ್ಟ್ರಾಮರೀನ್ ಬಾಳುತ್ತದೆ. ಹಿಂದೆ ಗೋಡೆ ಸುಣ್ಣಕ್ಕೆ ಬಟ್ಟೆಯ ನೀಲಿ ಪುಡಿ ಬೆರೆಸುತ್ತಿದ್ದರಲ್ಲ, ಆ ಹಳೆಯ ನೀಲಿ ಪುಡಿ ಅಲ್ಟ್ರಾಮರೀನೇ. ಈಗ ಬಾಟಲಿಯಲ್ಲಿ ಬರುವ ದ್ರವದ ನೀಲಿ ಬೇರೆ, ಅದು ಡೈ, ಅದನ್ನು ಚಿತ್ರಕ್ಕೆ ಬಳಸಬೇಡಿ.

ಅರಿಶಿಣ, ಮುರುಗಲು, ಅಡಿಕೆ ಚೊಗರು? ನೈಸರ್ಗಿಕ ಬಣ್ಣ ಅಲ್ವಾ?

ನೈಸರ್ಗಿಕ ಅಂದಕೂಡಲೇ ಬಾಳಿಕೆ ಬರುತ್ತದೆ ಅಂತಲ್ಲ. ಅರಿಶಿಣ ಬಿಸಿಲಿಗೆ ಬೇಗ ಹಾರಿಹೋಗುತ್ತದೆ. ಮುರುಗಲಿನ ಕೆಂಪು ಶರಬತ್ತಿಗೆ ಸರಿ. ಅಡಿಕೆ ಬೇಯಿಸಿದ ಚೊಗರಿನ ಕಂದು ನೋಡಲು ತುಂಬಾ ಚೆಂದ, ಅದಕ್ಕೆ ಕಬ್ಬಿಣದ ತುಕ್ಕು ಸೇರಿದರೆ ಕಪ್ಪಿಗೆ ತಿರುಗುತ್ತದೆ, ಸ್ಕೆಚ್ ಪುಸ್ತಕದಲ್ಲಿ ಆಟವಾಡಲು ಒಳ್ಳೆಯ ಸಾಮಾನು. ಆದರೆ ಅಂಥ ಕಬ್ಬಿಣದ ಶಾಯಿ ಕಾಲಕ್ರಮೇಣ ಕಾಗದವನ್ನೇ ತಿನ್ನುತ್ತದೆ.

ಶಿರಸಿ, ಸಿದ್ದಾಪುರ ಕಡೆ ದೀವರ ಸಮುದಾಯದ ಮನೆಗೋಡೆಗಳ ಹಸೆ ಚಿತ್ತಾರದಲ್ಲಿ ಕೆಮ್ಮಣ್ಣು, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆಯ ಹಳದಿ ಬಳಸುತ್ತಾರೆ, ಪುಂಡಿ ನಾರಿನ ಕುಂಚದಲ್ಲಿ. ಅದು ಬೇರೆ ಲೆಕ್ಕ. ಮದುವೆಗೆ, ಹಬ್ಬಕ್ಕೆ ಹೊಸದಾಗಿ ಬರೆಯುವ ಚಿತ್ರ ಅದು, ನೂರು ವರ್ಷ ಇರಲಿ ಅಂತ ಬರೆದದ್ದಲ್ಲ. ಪುಂಡಿ ನಾರಿನ ಕುಂಚ ಒಮ್ಮೆ ಹಿಡಿದು ನೋಡಿ, ಅಷ್ಟು ಸಮನಾದ ಗೆರೆ ಅಂಗಡಿಯ ಬ್ರಷ್‌ನಲ್ಲಿ ಎಳೆಯುವುದು ಕಷ್ಟ.

ಯಕ್ಷಗಾನದ ಚೌಕಿಯಲ್ಲಿ ಸಿಗುವ ಹಳೆಯ ಬಣ್ಣದ ಪುಡಿ ಬಳಸಬಹುದಾ?

ಬೇಡ. ಹಳೆಯ ಅರದಾಳ ಅಂದರೆ ಆರ್ಸೆನಿಕ್, ಇಂಗಳೀಕ ಅಂದರೆ ಪಾದರಸ. ಅರೆಯುವುದಂತೂ ಬೇಡವೇ ಬೇಡ.

ಆಯಿಲ್ ಕಲರ್ ಕರಾವಳಿಯಲ್ಲಿ ಒಣಗುತ್ತದಾ? ಕೊಬ್ಬರಿ ಎಣ್ಣೆ ಬೆರೆಸಿದರೆ?

ಒಣಗುತ್ತದೆ, ನಿಧಾನಕ್ಕೆ. ಎಣ್ಣೆಬಣ್ಣ ನೀರು ಆರಿದ ಹಾಗೆ ಆರುವುದಿಲ್ಲ, ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುತ್ತದೆ. ಆ ಗುಣ ಅಗಸೆ ಎಣ್ಣೆಗೆ ಇದೆ, ಅಕ್ರೋಟು, ಗಸಗಸೆ, ಕುಸುಬೆ ಎಣ್ಣೆಗೂ ಇದೆ. ಕೊಬ್ಬರಿ ಎಣ್ಣೆಗೆ ಇಲ್ಲವೇ ಇಲ್ಲ. ಅದನ್ನು ಬೆರೆಸಿದ ಚಿತ್ರ ನಿಮ್ಮ ಮೊಮ್ಮಕ್ಕಳ ಕೈಗೂ ಅಂಟುತ್ತದೆ.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ಬಿಸಿಯಾಗುತ್ತದೆ, ಮುದ್ದೆಯೊಳಗೆ ಬಿಸಿ ಹೋಗಲು ಜಾಗ ಇಲ್ಲದೆ ತಾನಾಗಿಯೇ ಬೆಂಕಿ ಹತ್ತಬಹುದು. ಇದು ಹೆದರಿಸಲು ಹೇಳುವ ಮಾತಲ್ಲ, ನಿಜವಾಗಿ ಆಗುತ್ತದೆ. ಹರಡಿ ಹೊರಗೆ ಒಣಹಾಕಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಕ್ಕೆ ಹಾಕಿ.

ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಜಾಸ್ತಿ. ಕೊನೆಯ ವಾರ್ನಿಶ್‌ಗೆ ಆರು ತಿಂಗಳಾದರೂ ಕಾಯಿರಿ, ಮತ್ತು ಅದನ್ನು ಜನವರಿ, ಫೆಬ್ರುವರಿಯ ಒಣ ಬೆಳಗಿನಲ್ಲೇ ಹಚ್ಚಿ. ತೇವದ ದಿನ ಹಚ್ಚಿದರೆ ಬಿಳಿ ಮಂಜು ಕಟ್ಟಿದಂತೆ ಆಗುತ್ತದೆ.

ಕ್ಯಾನ್ವಾಸ್ ಅಥವಾ ಪ್ಲೈವುಡ್?

ಹತ್ತಿಯ ಕ್ಯಾನ್ವಾಸ್ ಮಳೆಗಾಲದಲ್ಲಿ ಜೋಲುತ್ತದೆ, ಬೇಸಿಗೆಯಲ್ಲಿ ಬಿಗಿಯಾಗುತ್ತದೆ. ಮೂಲೆಯಲ್ಲಿ ಬೆಣೆ ಹೊಡೆಯಲು ಬರುವ ಚೌಕಟ್ಟು ಇದ್ದರೆ ಸರಿಮಾಡಿಕೊಳ್ಳಬಹುದು. ಬಣ್ಣಕ್ಕೆ ಮೊದಲು ಹಚ್ಚುವ ಪ್ರೈಮರ್ ಆಗಿ ಅಕ್ರಿಲಿಕ್ ಜೆಸ್ಸೋ ಬಳಸಿ. ಹಳೆಯ ಕಾಲದ ಚರ್ಮದ ಅಂಟು ತೇವಕ್ಕೆ ಹಿಗ್ಗಿ ಕುಗ್ಗಿ ಬಣ್ಣ ಬಿರಿಯುವ ಹಾಗೆ ಮಾಡುತ್ತದೆ, ಪುಸ್ತಕದಲ್ಲಿ ಓದಿ ಪ್ರಯೋಗಕ್ಕೆ ಇಳಿಯಬೇಡಿ. ಸಾದಾ ಕಬ್ಬಿಣದ ಪಿನ್ನು, ಮೊಳೆ ಉಪ್ಪುಗಾಳಿಗೆ ತುಕ್ಕು ಹಿಡಿದು ಬಟ್ಟೆಯನ್ನೂ ತಿನ್ನುತ್ತವೆ. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆಯದ್ದು ಹಾಕಿ.

ಪ್ಲೈವುಡ್ ಆದರೆ ಮರೀನ್ ಗ್ರೇಡ್, ಆರೂ ಮೈಗೆ ಪ್ರೈಮರ್. ಅಂಚು ಬಿಟ್ಟರೆ ಅಲ್ಲಿಂದಲೇ ನೀರು ಹೀರುತ್ತದೆ. ನೆಲಕ್ಕೆ ತಾಗಿಸಿ ಇಡಬೇಡಿ, ಒರಲೆ ಬರುತ್ತದೆ.

ಬ್ರಷ್ ಹೇಗೆ ತೊಳೀತೀರಿ?

ಬಟ್ಟೆ ಸೋಪು, ಇಲ್ಲವೇ ಅಂಟುವಾಳದ ನೀರು. ಮಲಗಿಸಿ ಒಣಗಿಸಿ, ನಿಲ್ಲಿಸಿದರೆ ನೀರು ಹಿಡಿಯೊಳಗೆ ಇಳಿಯುತ್ತದೆ. ಪ್ರಾಣಿಗಳ ಕೂದಲಿನ ಬ್ರಷ್ ಆದರೆ ನುಸಿಗುಳಿಗೆ ಹಾಕಿದ ಡಬ್ಬದಲ್ಲಿಡಿ, ಹುಳ ತಿನ್ನುತ್ತದೆ. ಈಗಿನ ಒಳ್ಳೆಯ ಸಿಂಥೆಟಿಕ್ ಬ್ರಷ್ ಸಾಕು, ಕೊಲಿನ್ಸ್ಕಿ ಅನ್ನುವ ಪ್ರಾಣಿಯ ಕೂದಲಿನ ದುಬಾರಿ ಬ್ರಷ್‌ಗೆ ದುಡ್ಡು ಸುರಿಯುವ ಅಗತ್ಯ ನನಗೆ ಕಂಡಿಲ್ಲ.

ಬೀಚಲ್ಲಿ ಕೂತು, ಸಮುದ್ರದ ನೀರಲ್ಲೇ ಚಿತ್ರ ಬಿಡಿಸಿದರೆ ಚೆನ್ನಾಗಿರುತ್ತಲ್ವಾ?

ಕೇಳಲು ರೊಮ್ಯಾಂಟಿಕ್ ಆಗಿದೆ. ಲೀಟರ್ ಸಮುದ್ರದ ನೀರಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಆ ಉಪ್ಪು ಕಾಗದದಲ್ಲೇ ಉಳಿದು ಪ್ರತಿ ಮಳೆಗಾಲ ತೇವ ಎಳೆದುಕೊಳ್ಳುತ್ತದೆ. ದಂಡೆಯ ಹತ್ತಿರದ ಬಾವಿನೀರೂ ಕೆಲವು ಕಡೆ ಉಪ್ಪುಪ್ಪು, ನಾಲಿಗೆಗೆ ಹಚ್ಚಿ ನೋಡಿ. ಕುಡಿಯುವ ನೀರಿನ ಬಾಟಲಿ ಒಯ್ಯಿರಿ.

ಟ್ಯಾಗೋರ್ ಕಡಲತೀರದಲ್ಲಿ ಬೆಳಿಗ್ಗೆ ಬೇಗ ಹೋದರೆ ಆರಾಮ. ದೇವಬಾಗ, ಮಾಜಾಳಿ ಕಡೆ ಗಾಳಿಮರದ ನೆರಳು ಸಿಗುತ್ತದೆ. ತೀಳ್ಮಾತಿಯ ಕಪ್ಪು ಮರಳು ನೋಡಲೇಬೇಕು, ಎಳ್ಳು ಚೆಲ್ಲಿದ ಹಾಗಿದೆ ಅಂತ ಆ ಹೆಸರು. ರಂಪಣಿ ಬಲೆ ಎಳೆಯುವವರನ್ನು ಬಿಡಿಸುವುದಾದರೆ ಮೊದಲು ಮಾತಾಡಿಸಿ, ದಾರಿಗೆ ಅಡ್ಡ ಕೂರಬೇಡಿ, ಅವರದ್ದು ಹೊಟ್ಟೆಪಾಡು. ನೌಕಾನೆಲೆಯ ಆಸುಪಾಸು ಸ್ಕೆಚ್ ಪುಸ್ತಕ ತೆಗೆಯಲೇಬೇಡಿ.

ಫೋಟೋ ನೋಡಿ ಬಿಡಿಸ್ತೀರಾ?

ದೋಣಿಯ ಹಗ್ಗ ಎಲ್ಲಿ ಕಟ್ಟಿತ್ತು ಅಂತ ನೋಡಲು ಹೌದು. ಬಣ್ಣಕ್ಕೆ ಇಲ್ಲ. ಮೊಬೈಲ್ ಎಲ್ಲ ಆಕಾಶವನ್ನೂ ನೀಲಿ ಮಾಡಿಬಿಡುತ್ತದೆ.

ಫ್ರೇಮ್ ಹಾಕಿಸುವಾಗ ಏನು ನೋಡಬೇಕು?

ಗಾಜು ಚಿತ್ರಕ್ಕೆ ತಾಗಬಾರದು, ನಡುವೆ ಆಸಿಡ್ ಇಲ್ಲದ ಮೌಂಟ್ ಇರಬೇಕು. ಸಾದಾ ರಟ್ಟು ಹಾಕಿದರೆ ಕೆಲವೇ ವರ್ಷದಲ್ಲಿ ಅಂಚು ಕಂದಾಗುತ್ತದೆ. ಹಿಂದೆ ನಾಲ್ಕು ಮೂಲೆಗೆ ಬಿರಡೆಯ ತುಂಡು ಅಂಟಿಸಿ, ಗೋಡೆ ಮತ್ತು ಫ್ರೇಮ್ ನಡುವೆ ಗಾಳಿ ಆಡಲಿ. ಮಳೆ ಹೊಡೆಯುವ ಪಡುವಣ ಗೋಡೆಗೆ ತೂಗುಹಾಕಬೇಡಿ. ನನ್ನಿಂದ ಚಿತ್ರ ಕೊಂಡವರಿಗೆ ಇದನ್ನು ಹೇಳಿಯೇ ಕಳಿಸುತ್ತೇನೆ, ಆದರೂ ಮನೆಯ ಹಾಲ್‌ನ ಆ ಗೋಡೆಗೇ ಹಾಕುತ್ತಾರೆ, ಸೋಫಾ ಅಲ್ಲೇ ಇರುವುದರಿಂದ.

ಬ್ರಷ್ ತೊಳೆದ ನೀರು ಎಲ್ಲಿಗೆ ಚೆಲ್ತೀರಿ?

ಇಲ್ಲಿ ಎಲ್ಲರ ಹಿತ್ತಲಲ್ಲೂ ಬಾವಿ ಇದೆ, ಮಣ್ಣು ಸಡಿಲ. ಎಣ್ಣೆಬಣ್ಣದ ಬ್ರಷ್ ತೊಳೆದ ಟರ್ಪೆಂಟೈನ್ ನೆಲಕ್ಕೆ ಚೆಲ್ಲಬಾರದು. ಬಾಟಲಿಯಲ್ಲಿ ಇಟ್ಟರೆ ಬಣ್ಣ ತಳ ಸೇರುತ್ತದೆ, ಮೇಲಿನದನ್ನು ಮತ್ತೆ ಬಳಸಬಹುದು. ಅಕ್ರಿಲಿಕ್ ನೀರನ್ನು ಬಕೆಟ್‌ನಲ್ಲಿ ಎರಡು ದಿನ ಬಿಟ್ಟು, ತಳದ ಕೆಸರನ್ನು ಹಳೆ ಪೇಪರಿನ ಮೇಲೆ ಒಣಗಿಸಿ ಕಸಕ್ಕೆ ಹಾಕಿ.

ಮಗಳಿಗೆ ಹತ್ತು ವರ್ಷ, ಚಿತ್ರದ ಹುಚ್ಚು. ಏನು ಕೊಡಿಸಲಿ?

ನಲವತ್ತೆಂಟು ಬಣ್ಣದ ಡಬ್ಬ ಬೇಡ. ಆರು ಬಣ್ಣದ ಟ್ಯೂಬು, ಒಂದು ದಪ್ಪ ದುಂಡು ಬ್ರಷ್, ಒಂದು ಚಪ್ಪಟೆ ಬ್ರಷ್, ಬಿಳಿ ಪಿಂಗಾಣಿ ತಟ್ಟೆ, ಮತ್ತು ಕಾಗದ ಬೇಕಾದಷ್ಟು. ಮಕ್ಕಳಿಗೆ 200 ಜಿಎಸ್‌ಎಂ ಸಾಕು. ಕ್ಯಾಡ್ಮಿಯಂ ಅನ್ನುವ ವಿಷದ ಲೋಹ ಇರುವ ಬಣ್ಣ ಈಗಲೇ ಬೇಡ. ಕ್ಲಾಸಿಗೆ ಕಳಿಸಲಾ ಅಂತ ಮುಂದಿನ ಪ್ರಶ್ನೆ ಬರುತ್ತದೆ ಅಂತ ಗೊತ್ತು. ನಾನು ಮಕ್ಕಳ ಕ್ಲಾಸ್ ತೆಗೆದುಕೊಳ್ಳುವುದಿಲ್ಲ, ಆದರೆ ಶನಿವಾರ ಮಧ್ಯಾಹ್ನದ ನಂತರ ಸ್ಟುಡಿಯೋ ತೆರೆದಿರುತ್ತದೆ, ಕರೆದುಕೊಂಡು ಬನ್ನಿ. ಹಳೆಯ ಅಂಗಿ ಹಾಕಿಸಿ ಕಳಿಸಿ, ಚಿರೆಕಲ್ಲಿನ ಕೆಂಪು ಒಗೆದರೆ ಹೋಗುವುದಿಲ್ಲ.